ಕೊಟ್ಟಾರದ ಗದ್ದೆಗೆ ಬಿದ್ದ ಬೆಂಕಿ

ಹೈದರಾಬಾದ್
10-06-2024

ಪ್ರೀತಿಯ ನೀರಜತ್ತೆಗೆ,

ನಮಸ್ಕಾರ. “ನಿನ್ನ ಮಾತಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್. ನೀನು ಎಂತ ಕೆಲಸ ಮಾಡ್ತೀ ಅಂತ ಕನ್ನಡದಲ್ಲಿ ಕಾಗದ ಬರೆದು ತಿಳಿಸು” ಅಂತ ಹೇಳಿ ಫೋನ್ ಇಟ್ಟೇ ಬಿಟ್ರಲ್ಲ! ಇಡೀ ಹಾಸ್ಟೆಲ್‌ನಲ್ಲಿ ಪೆನ್ನು ಹಿಡಿದು ಕಾಗದ ಬರೀತಿರೋದು ನಾನೊಬ್ಬಳೇ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ, ಬಲ್ಮಠದ ಶಾಲೆಯಲ್ಲಿ ಟೀಚರ್ ಆಗಿದ್ದಾಗ ಮಕ್ಕಳಿಗೆ ಮಾಡ್ತಿದ್ದ ಹಾಗೆ.

ನಾನು ಓದುವುದು ಭತ್ತವನ್ನು. ಭತ್ತದ ಬಗ್ಗೆ ಅಲ್ಲ ಅತ್ತೆ, ಭತ್ತವನ್ನೇ. ಪ್ರತಿ ಜೀವಿಯ ಒಳಗೆ ಡಿಎನ್‌ಎ ಅಂತ ಒಂದು ಉದ್ದದ ಬರಹ ಉಂಟು. ಅದನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರ ನಮ್ಮ ಲ್ಯಾಬಿನಲ್ಲಿದೆ. ಇರುವುದು ನಾಲ್ಕೇ ಅಕ್ಷರ, ಅವೇ ಹಿಂದೆ ಮುಂದೆ ಬಂದು ಭತ್ತದಲ್ಲಿ ಸುಮಾರು ನಲವತ್ತು ಕೋಟಿ ಆಗ್ತವೆ. ಹನ್ನೆರಡು ಸಂಪುಟದ ಪುಸ್ತಕ ಅಂತ ಇಟ್ಟುಕೊಳ್ಳಿ. ಅದರಲ್ಲಿ ನಾನು ಹುಡುಕುವುದು ಕೆಲವೇ ಪುಟ.

ಭತ್ತಕ್ಕೆ ಬ್ಲಾಸ್ಟ್ ಅಂತ ಒಂದು ರೋಗ ಬರ್ತದೆ. ಒಂದು ಜಾತಿಯ ಬೂಷ್ಟಿನಿಂದ. ಅದನ್ನು ಬಾಗಿಲಲ್ಲೇ ಗುರುತು ಹಿಡಿದು ತಡೆಯುವ ವಾಚ್‌ಮನ್‌ಗಳಂತಹ ಜೀನ್‌ಗಳು ಕೆಲವು ತಳಿಗಳಲ್ಲಿ ಇರ್ತವೆ. ಕಷ್ಟ ಎಂತ ಅಂದ್ರೆ, ಬೂಷ್ಟು ಆಗಾಗ ವೇಷ ಬದಲಿಸ್ತದೆ, ಹಳೆ ವಾಚ್‌ಮನ್‌ಗೆ ಹೊಸ ವೇಷ ಗೊತ್ತಾಗುವುದಿಲ್ಲ. ಹಾಗಾಗಿ ಯಾರ ಮನೆಯ ಮೂಲೆಯಲ್ಲಾದರೂ ಯಾರೂ ನೋಡದ ಹಳೆ ತಳಿ ಉಳಿದಿದೆಯಾ ಅಂತ ಎಲ್ಲರೂ ಹುಡುಕ್ತಾ ಇದ್ದೇವೆ. ಅಜ್ಜನಿಗೆ ಕೊಟ್ಟಾರದಲ್ಲಿ ಗದ್ದೆ ಇತ್ತಂತಲ್ಲ? ಅಪ್ಪನನ್ನು ಕೇಳಿದರೆ “ನನಗೆ ದೇವಸ್ಥಾನದ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲ, ಅಕ್ಕನನ್ನು ಕೇಳು” ಅಂದ್ರು. ಒಂದು ಹಳೆ ತೆನೆ ಸಿಕ್ಕಿದರೂ ಸಾಕು.

ನಿಮ್ಮ,
ಸ್ಮೃತಿ


ಮಣ್ಣಗುಡ್ಡ, ಮಂಗಳೂರು
02-07-2024

ಚಿ. ಸ್ಮೃತಿಗೆ ಆಶೀರ್ವಾದಗಳು.

ಕಾಗದ ಬಂತು. ‘ಬರೀತಿರೋದು’ ಅಂತ ಬರೆದಿದ್ದೀಯಲ್ಲ, ಅದು ಯಾವ ಊರಿನ ಕನ್ನಡ ಮಾರಾಯ್ತಿ? ನಿನಗೆ ಬೆಂಗಳೂರಿನ ಗಾಳಿ ಯಾವಾಗ ತಾಗಿತು? ಅದೊಂದು ಬಿಟ್ಟರೆ ಪಾಸು.

ಆದರೆ ಆ ನಾಲ್ಕಕ್ಷರದ ವಿಷಯ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ನಮ್ಮಲ್ಲಿ ನಲವತ್ತೊಂಬತ್ತು ಇದ್ದೂ ಹತ್ತನೇ ಕ್ಲಾಸಿನವರಿಗೆ ಒಂದು ವಾಕ್ಯ ನೆಟ್ಟಗೆ ಬರೆಯಲಿಕ್ಕೆ ಬರುವುದಿಲ್ಲ. ಭತ್ತ ನಾಲ್ಕರಲ್ಲಿ ಸುಧಾರಿಸ್ತದಾ? ಅದರಲ್ಲಿ ಕಾಗುಣಿತ ಉಂಟಾ? ಒಂದು ಅಕ್ಷರ ತಪ್ಪಿದರೆ ಅರ್ಥ ಬದಲಾಗ್ತದಾ? ಪದ ಎಲ್ಲಿ ಮುಗೀತದೆ ಅಂತ ಯಂತ್ರಕ್ಕೆ ಯಾರು ಹೇಳಿಕೊಟ್ಟದ್ದು? ಇದಕ್ಕೆಲ್ಲ ಉತ್ತರ ಬೇಕು ನನಗೆ.

ಕೊಟ್ಟಾರದ ಗದ್ದೆ ಇದ್ದ ಜಾಗದಲ್ಲಿ ಈಗ ಫ್ಲಾಟು. ನಮ್ಮ ಬೀಜ ಯಾವುದೂ ಉಳಿದಿಲ್ಲ. ಹಾಗಂತ ನಿನ್ನನ್ನು ಬರಿಗೈಯಲ್ಲಿ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಪ್ರತಿ ನವರಾತ್ರಿಗೆ ನಿನ್ನ ಅಪ್ಪ ದೇವಸ್ಥಾನದಿಂದ ಹೊಸ ತೆನೆ ತಂದು ಕೊಡ್ತಾನಲ್ಲ, ಮಾವಿನೆಲೆ ಹಲಸಿನೆಲೆ ಸೇರಿಸಿ ನಾರಿನಲ್ಲಿ ಬಾಗಿಲಿಗೆ ಕಟ್ಟುವುದು, ಕಳೆದ ವರ್ಷದ್ದು ಅಲ್ಲೇ ಉಂಟು. ಅದರಲ್ಲಿ ಒಂದು ತೆನೆ ಬಿಡಿಸಿ ಕಳಿಸಿದ್ದೇನೆ. ಅಂಗಡಿಯ ಭತ್ತವೋ ಯಾರ ಭತ್ತವೋ ದೇವರಿಗೇ ಗೊತ್ತು. ಓದಿ ನೋಡು.

ಮತ್ತೆ ಒಂದು ಹೋಮ್‌ವರ್ಕ್. ಬ್ಲಾಸ್ಟ್ ಅಂದರೆ ಎಂತ? ಬಾಂಬು ಹಾಕಿದ ಹಾಗೆ ಕೇಳ್ತದೆ. ಕನ್ನಡದ ರೈತರು ಅದಕ್ಕೊಂದು ಹೆಸರು ಇಟ್ಟೇ ಇರ್ತಾರೆ. ಕೇಳಿ ತಿಳಿದು ಬರೆ.

ನಿನ್ನ ಅತ್ತೆ,
ನೀರಜಾಕ್ಷಿ


ಹೈದರಾಬಾದ್
12-09-2024

ನೀರಜತ್ತೆಗೆ,

ಕೂತುಕೊಂಡು ಓದಿ. ನಿಮ್ಮ ಬಾಗಿಲಿನ ತೆನೆ ಅಂಗಡಿಯ ಭತ್ತ ಅಲ್ಲ!

ಒಂದು ಕಾಳನ್ನು ಪುಡಿ ಮಾಡಿ, ಡಿಎನ್‌ಎ ತೆಗೆದು, ಯಂತ್ರಕ್ಕೆ ಕೊಟ್ಟೆ. ನಮ್ಮ ಪಟ್ಟಿಯಲ್ಲಿರುವ ಯಾವ ತಳಿಗೂ ಅದು ಪೂರ್ತಿ ಹೊಂದುವುದಿಲ್ಲ. ಹನ್ನೊಂದನೇ ಸಂಪುಟದಲ್ಲಿ ವಾಚ್‌ಮನ್ ಜೀನ್‌ಗಳು ಒಟ್ಟಿಗೆ ಗುಂಪಾಗಿ ಕೂತಿರುವ ಒಂದು ಜಾಗ ಉಂಟು. ಅಲ್ಲಿ ಒಂದು ಜೀನ್‌ನ ಪಾಠ ನಾವು ಈವರೆಗೆ ನೋಡದ ರೀತಿಯಲ್ಲಿದೆ. ನನ್ನ ಗೈಡ್ ಎರಡು ಸಲ ಕನ್ನಡಕ ಒರೆಸಿ ನೋಡಿದ್ರು. ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಉಂಟು. ಹೌದು, ಒಂದು ಅಕ್ಷರ ಬದಲಾದರೆ ಅರ್ಥ ಬದಲಾಗಬಹುದು. ಒಮ್ಮೊಮ್ಮೆ ಬದಲಾಗುವುದಿಲ್ಲ. ಯಾವಾಗ ಯಾವುದು ಅಂತ ಬರೀ ಓದಿ ಹೇಳಲಿಕ್ಕೆ ಆಗುವುದಿಲ್ಲ. ಗಿಡ ಬೆಳೆಸಿ, ಅದರ ಮೇಲೆ ಬೂಷ್ಟು ಬಿಟ್ಟು ನೋಡಲೇಬೇಕು.

ಅಲ್ಲೇ ಸಿಕ್ಕಿಬಿದ್ದಿದ್ದೇನೆ. ಉಳಿದ ಕಾಳು ಬಿತ್ತಿದೆ, ಒಂದೂ ಮೊಳಕೆ ಬರಲಿಲ್ಲ. ಮಂಗಳೂರಿನ ಸೆಕೆ, ಮಳೆಯ ತೇವ ಎಲ್ಲ ತಿಂದು ನಿಮ್ಮ ಬಾಗಿಲಲ್ಲೇ ಅದು ಸತ್ತು ಹೋಗಿದೆ. ಜೀವ ಇರುವ ಬೀಜ ಬೇಕು, ಬೆಳೆದವರ ಒಪ್ಪಿಗೆಯೂ ಬೇಕು. ಅಪ್ಪನಿಗೆ ಆ ತೆನೆ ಕೊಟ್ಟದ್ದು ಯಾರು? ದಯವಿಟ್ಟು ಕೇಳಿ, ಈ ನವರಾತ್ರಿ ಮುಗಿಯುವುದರೊಳಗೆ ಕೇಳಿ.

ಹೋಮ್‌ವರ್ಕ್ ಬಾಕಿ ಉಂಟು. ಇಲ್ಲಿ ಎಲ್ಲರೂ ಬ್ಲಾಸ್ಟ್ ಅಂತಲೇ ಹೇಳುವುದು. ದಾವಣಗೆರೆಯ ಒಬ್ಬಳು ಇದ್ದಾಳೆ, ಅವಳ ಮನೆಯವರು ಭತ್ತ ಬೆಳೆಯುವವರು. ರಜೆ ಮುಗಿಸಿ ಬಂದ ಮೇಲೆ ಅವಳನ್ನು ಕೇಳ್ತೇನೆ.

ಕುಣಿಯುತ್ತಿರುವ,
ಸ್ಮೃತಿ


ಮಣ್ಣಗುಡ್ಡ
28-09-2024

ಚಿ. ಸ್ಮೃತಿಗೆ,

ಕೇಳಿದೆ. ಬಲ್ಮಠದಲ್ಲಿ ಹೋಟೆಲು ಇಟ್ಟಿರುವ ಕುಶಲಾ ಪ್ರತಿ ವರ್ಷ ದೇವಸ್ಥಾನಕ್ಕೆ ಕಳಿಸುವುದಂತೆ. ಹೋಟೆಲಿನ ತಾರಸಿಯ ಮೇಲೆ ಪೇಂಟಿನ ಬಕೆಟುಗಳಲ್ಲಿ ಬೆಳೆಸ್ತಾಳಂತೆ. ಇಷ್ಟು ವರ್ಷ ನಿನ್ನ ಅಪ್ಪ ಇದನ್ನು ನನಗೆ ಹೇಳಲಿಲ್ಲ. ಕೇಳಿದರೆ “ನೀನು ಕೇಳ್ಲಿಲ್ಲ” ಅಂತಾನೆ. ಬಾಗಿಲಿನ ತೆನೆಯನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದಿದ್ದೇನೆ. ಈ ವಿಷಯ ಇಲ್ಲಿಗೆ ಬಿಡು.

ಯಾಕೆ ಅಂತ ನೀನು ಕೇಳದೆ ಬಿಡುವವಳಲ್ಲ, ನನ್ನದೇ ಸ್ವಭಾವ ನಿನಗೆ ಬಂದದ್ದು. ಹಾಗಾಗಿ ಒಂದೇ ಸಲ ಹೇಳ್ತೇನೆ. ಕುಶಲಾ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚು. ಅವಳ ಅಪ್ಪ ಶೀನಪ್ಪನವರ ಗದ್ದೆಯೂ ನಮ್ಮ ಗದ್ದೆಯೂ ಕೊಟ್ಟಾರದ ಬೈಲಿನಲ್ಲಿ ಬದಿ ಬದಿಯಲ್ಲೇ ಇತ್ತು. ನಾವು ಆರನೇ ಕ್ಲಾಸಿನಲ್ಲಿದ್ದಾಗ ನಾಟಿಯ ಸಮಯದಲ್ಲಿ ಗದ್ದೆಗೆ ನೀರು ಹರಿಯುವ ಕಣಿಯ ವಿಷಯಕ್ಕೆ ಇಬ್ಬರು ಅಪ್ಪಂದಿರಿಗೂ ಜೋರು ಜಗಳ ಆಯಿತು. ಕೃಷ್ಣಾಷ್ಟಮಿ ಕಳೆದು ಒಂದು ದಿನ ನಿನ್ನ ಅಜ್ಜ ಗದ್ದೆಯಿಂದ ಬಂದು, ಕಾಲು ಕೂಡ ತೊಳೆಯದೆ ಜಗಲಿಯಲ್ಲಿ ಕೂತು, “ಕಂಡೊಗು ಬೆಂಕಿ ಬೂರ್ಂಡ್” ಅಂದರು. ಗದ್ದೆಗೆ ಬೆಂಕಿ ಬಿತ್ತು. ಅಷ್ಟೇ ಮಾತು, ಇವತ್ತಿಗೂ ಕಿವಿಯಲ್ಲಿ ಉಂಟು. ದೀಪಾವಳಿಗೆ ದೀಪ ಇಡಲಿಕ್ಕೆ ಹೋದಾಗ ನಮ್ಮ ಗದ್ದೆಯಲ್ಲಿ ಬೂದಿ ನೋಡಿದ್ದೇನೆ, ನನ್ನ ಈ ಕಣ್ಣಾರೆ. ಬದಿಯಲ್ಲೇ ಶೀನಪ್ಪನವರ ಗದ್ದೆ ಬಂಗಾರದ ಹಾಗೆ ತೂಗ್ತಿತ್ತು. ಯಾರು ಬೆಂಕಿ ಇಟ್ಟದ್ದು ಅಂತ ಬೇರೆ ಹೇಳಬೇಕಾ?

ನಾನು ಕುಶಲಾಳ ಮುಖಕ್ಕೇ ಹೇಳಿದೆ. ಅವಳು ಚೀಲ ತೆಗೆದುಕೊಂಡು ಹಿಂದಿನ ಬೆಂಚಿಗೆ ಹೋದಳು. ಆಮೇಲೆ ಮಾತಿಲ್ಲ. ಮದುವೆ ಮುಂಜಿಯಲ್ಲಿ ಎದುರು ಸಿಕ್ಕಿದರೆ ನಾನು ಫ್ಯಾನು ನೋಡ್ತೇನೆ, ಅವಳು ನೆಲ ನೋಡ್ತಾಳೆ. ಅಂತಹ ಗೆಳತಿ ನನಗೆ ಆಮೇಲೆ ಸಿಕ್ಕಲಿಲ್ಲ, ಅದು ಬೇರೆ ಮಾತು.

ಅವಳ ಬಾಗಿಲಿಗೆ ಹೋಗಿ ಬೀಜ ಬೇಡು ಅಂತ ನನಗೆ ಹೇಳಬೇಡ.

ನೀರಜಾಕ್ಷಿ


ಹೈದರಾಬಾದ್
09-10-2024

ಪ್ರೀತಿಯ ಅತ್ತೆಗೆ,

ಬೀಜ ಬೇಡಿ ಅಂತ ಹೇಳುವುದಿಲ್ಲ. ಆದರೆ ಪ್ರಶ್ನೆ ಕೇಳಬೇಡ ಅಂತ ನೀವು ಹೇಳಿಲ್ಲವಲ್ಲ, ಕೇಳ್ತೇನೆ.

ಅಷ್ಟಮಿಯ ಸಮಯಕ್ಕೆ ಕೊಟ್ಟಾರದ ಗದ್ದೆಯಲ್ಲಿ ನೀರು ನಿಂತಿರುವುದಿಲ್ಲವಾ? ಪೈರು ಹಸಿರು, ಬುಡದಲ್ಲಿ ನೀರು, ಮೇಲಿಂದ ಮಳೆ. ಅಂತಹ ಗದ್ದೆಗೆ ಶೀನಪ್ಪನವರು ಬೆಂಕಿ ಹಚ್ಚಿದ್ದಾದರೂ ಹೇಗೆ? ನಮ್ಮ ಲ್ಯಾಬಿನ ಹಿಂದಿನ ಗದ್ದೆಯ ಹಸಿ ಎಲೆಗೆ ನಾನೇ ಲೈಟರ್ ಹಿಡಿದು ನೋಡಿದೆ. ಹೊಗೆ ಬಂತು, ಬೈಗಳೂ ಬಂತು, ಬೆಂಕಿ ಹತ್ತಲಿಲ್ಲ. ನೀವು ನೋಡಿದ್ದು ಬೂದಿ, ಅದೂ ದೀಪಾವಳಿಗೆ. ಉರಿಯುವುದನ್ನು ನೋಡಿದವರು ಯಾರು?

ಎರಡನೇ ಪ್ರಶ್ನೆ. ಆ ವರ್ಷ ಅಜ್ಜನೂ ಶೀನಪ್ಪನವರೂ ಒಂದೇ ಬೀಜ ಹಾಕಿದ್ರಾ?

ಇನ್ನು ನನ್ನ ಹೋಮ್‌ವರ್ಕ್. ದಾವಣಗೆರೆಯವಳು ರಜೆಯಿಂದ ಬಂದಳು. ಬ್ಲಾಸ್ಟ್‌ಗೆ ಕನ್ನಡದಲ್ಲಿ ಎಂತ ಅಂತ ಕೇಳಿದೆ. “ಬೆಂಕಿ ರೋಗ. ನಮ್ಮ ಕಡೆ ಬರೀ ಬೆಂಕಿ ಅಂತಾರೆ, ಈ ಸಲ ಗದ್ದೆಗೆ ಬೆಂಕಿ ಬಿತ್ತು ಅಂತಾರೆ” ಅಂದಳು. ರೋಗ ಬಂದ ಗದ್ದೆ ದೂರದಿಂದ ಸುಟ್ಟ ಹಾಗೆ ಕಾಣ್ತದೆ. ಆಮೇಲೆ ಆ ಹುಲ್ಲನ್ನು ಒಣಗಿಸಿ ಸುಟ್ಟುಬಿಡ್ತಾರಂತೆ, ಮುಂದಿನ ಬೆಳೆಗೆ ಅಂಟಬಾರದು ಅಂತ.

ರೂಮಿಗೆ ಹೋಗಿ ನಿಮ್ಮ ಕಾಗದ ತೆಗೆದು ಮತ್ತೆ ಓದಿದೆ.

ಅತ್ತೆ, ನಮ್ಮ ಮನೆಯಲ್ಲಿ ಮಾತಾಡುವುದು ತುಳು. ತುಳುವಿನಲ್ಲಿ ಬೆಂಕಿಗೆ ‘ತೂ’. ಒಲೆಗೆ ತೂ, ದೀಪಕ್ಕೆ ತೂ, ಹೋಮಕ್ಕೂ ತೂ. ಅಜ್ಜ ಆ ದಿನ ಇಡೀ ವಾಕ್ಯವನ್ನು ತುಳುವಿನಲ್ಲಿ ಹೇಳಿ, ಆ ಒಂದು ಪದವನ್ನು ಮಾತ್ರ ಕನ್ನಡದಲ್ಲಿ ಯಾಕೆ ಹೇಳಿದ್ರು? ಅದನ್ನು ಅವರಿಗೆ ಹೇಳಿಕೊಟ್ಟದ್ದು ಯಾರು?

ಉತ್ತರ ನನಗಿಂತ ನಿಮಗೆ ಹೆಚ್ಚು ಗೊತ್ತಿರ್ತದೆ.

ನಿಮ್ಮ,
ಸ್ಮೃತಿ


ಮಣ್ಣಗುಡ್ಡ
25-11-2024

ಚಿ. ಸ್ಮೃತಿಗೆ,

ಉತ್ತರ ಬರೆಯಲಿಲ್ಲ ಅಂತ ನೀನು ಅಪ್ಪನಿಗೆ ಫೋನ್ ಮೇಲೆ ಫೋನ್ ಮಾಡಿದ್ದು ಗೊತ್ತುಂಟು. ಏನಂತ ಬರೆಯಲಿ? ಜೀವಮಾನ ಇಡೀ ಕನ್ನಡ ಕಲಿಸಿದವಳು ನಾನು. ಒಂದು ಕನ್ನಡ ಪದ ನನ್ನ ಮೂಗಿನ ಎದುರು ಕೂತಿತ್ತು, ನನಗೆ ಓದಲಿಕ್ಕೆ ಬರಲಿಲ್ಲ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ನಗು ಬಂತು. ಆಮೇಲೆ ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ.

ನಿನ್ನ ಪ್ರಶ್ನೆಗೆ ಉತ್ತರ. ಆ ವರ್ಷ ನಮ್ಮ ಅಪ್ಪಯ್ಯ ಹಾಕಿದ್ದು ಸರಕಾರದವರು ಕೊಟ್ಟ ಹೊಸ ಗಿಡ್ಡ ತಳಿ. ಶೀನಪ್ಪನವರು ಬೇಡ ಅಂತ ಹಳೆಯದನ್ನೇ ಹಾಕಿದ್ದರು. ಬೀಜದ ಹಿಂದೆ ಬೆಂಗಳೂರು ಕಡೆಯ ಒಬ್ಬ ಗ್ರಾಮಸೇವಕ ಬರ್ತಿದ್ದ, ಪ್ಯಾಂಟು ಮಡಚಿ ಗದ್ದೆಗೆ ಇಳೀತಿದ್ದ. ಅವನಿಗೆ ತುಳು ಬರುವುದಿಲ್ಲ. ಅವನು ಎಲೆ ನೋಡಿ ಹೇಳಿದ ಪದವನ್ನು ಅಪ್ಪಯ್ಯ ಹಾಗೆಯೇ ಮನೆಗೆ ತಂದಿದ್ದಾರೆ. ನಾನು ಶಾಲೆಯಲ್ಲಿ ಕನ್ನಡಕ್ಕೆ ಫಸ್ಟು, ‘ಬೆಂಕಿ’ ಅಂದರೆ ತೂ ಅಂತ ಗೊತ್ತಿದ್ದ ಜಾಣೆ. ಅಪ್ಪಯ್ಯನ ಹತ್ತಿರ ಒಂದು ಮಾತು ತಿರುಗಿ ಕೇಳಿದ್ದರೆ ಆಗ್ತಿತ್ತು. ನಾನು ಜಗಳ ಆಡಿ ಬಂದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಕಳೆದ ಮಂಗಳವಾರ ಬಲ್ಮಠಕ್ಕೆ ಹೋದೆ. ಹೋಟೆಲಿನ ಬಾಗಿಲವರೆಗೆ ಹೋಗಿ, ತಿರುಗಿ ಬಸ್‌ಸ್ಟಾಪಿಗೆ ಬಂದು, ಮತ್ತೆ ಹೋದೆ. ಕ್ಯಾಶಿನಲ್ಲಿ ಕುಶಲಾಳ ಅಣ್ಣನ ಮಗ ಅಶ್ವಿತ್. “ಆಂಟಿ, ಎಂತ ಬೇಕು?” ಅಂತ ಕೇಳಿದ. “ನಿನ್ನ ಅತ್ತೆ ಬೇಕು” ಅಂದೆ.

ಅವಳು ತಾರಸಿಯಿಂದ ಇಳಿದು ಬಂದಳು, ಕೈಯಲ್ಲೆಲ್ಲ ಮಣ್ಣು. ನನ್ನನ್ನು ನೋಡಿ ಮೆಟ್ಟಿಲಲ್ಲೇ ನಿಂತಳು. ನಾನು ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. ನಿನ್ನ ಕಾಗದವನ್ನೇ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿ, ಇಬ್ಬರು ಗಿರಾಕಿಗಳ ನಡುವೆ ಕೂತು, ತುಟಿ ಅಲ್ಲಾಡಿಸ್ತಾ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

“ಹಾಗಾದರೆ ಅಪ್ಪ ಬೆಂಕಿ ಇಡಲಿಲ್ಲವಾ?” ಅಂತ ಕೇಳಿದಳು.

ಅವಳೂ ಅದನ್ನೇ ನಂಬಿದ್ದಳು ಸ್ಮೃತಿ. ನಾನು ತಿಳಿದದ್ದು, ಅವಳಿಗೆ ನನ್ನ ಮೇಲೆ ಸಿಟ್ಟು ಅಂತ. “ಸಿಟ್ಟು ಎಂತದ್ದು ಮಾರಾಯ್ತಿ? ನೀನು ಹೇಳಿದ್ದು ನಿಜ ಅಂತ ತಿಳಿದು ನಾನು ಬೆಂಚು ಬದಲಿಸಿದ್ದು. ನಿನ್ನ ಬದಿಯಲ್ಲಿ ಕೂತುಕೊಳ್ಳಲಿಕ್ಕೆ ನನಗೆ ಮುಖ ಇರಲಿಲ್ಲ” ಅಂದಳು. ಕಣಿಯ ಜಗಳದ ದಿನ ಅವಳ ಅಪ್ಪ ಸಿಟ್ಟಿನಲ್ಲಿ “ನಿನ್ನ ಗದ್ದೆ ಉರಿದು ಹೋಗಲಿ” ಅಂತ ಬೊಬ್ಬೆ ಹೊಡೆದದ್ದನ್ನು ಅವಳು ಗದ್ದೆಯ ಬದುವಿನಲ್ಲಿ, ಕಟ್ಟಪುಣಿಯ ಮೇಲೆ ನಿಂತು ಕೇಳಿದ್ದಳಂತೆ. ಆಮೇಲೆ ಉರಿಯಿತು ಅಂತ ನಾನು ಹೇಳಿದೆ. ಇನ್ನೇನು ಬೇಕು ಒಂದು ಹುಡುಗಿಗೆ?

“ಅಪ್ಪನನ್ನು ಕೇಳಲಿಲ್ಲವಾ?” ಅಂದೆ.

“ಹೌದು ಅಂತ ಹೇಳಿದ್ರೆ?” ಅಂದಳು.

ಅಪ್ಪ ಸಾಯುವವರೆಗೂ ಕೇಳಲಿಲ್ಲವಂತೆ. ಗದ್ದೆ ಎಲ್ಲ ಮಾರಿದ ಮೇಲೂ ಬೇರೆ ಭತ್ತದ ತೆನೆ ಮನೆಗೆ ಕಟ್ಟಬಾರದು ಅಂತ ಶೀನಪ್ಪನವರು ಡಬ್ಬದಲ್ಲಿ, ಬಕೆಟಿನಲ್ಲಿ ಬೆಳೆಸಿ ಆ ಬೀಜ ಉಳಿಸಿದ್ದು. ಅವರ ನಂತರ ಇವಳು. ಸುಟ್ಟ ಗದ್ದೆಯವರಿಗೆ ಒಂದು ಹಿಡಿಯಾದರೂ ತಿರುಗಿ ಹೋಗಲಿ ಅಂತ ನಮ್ಮ ದೇವಸ್ಥಾನಕ್ಕೆ ಕಳಿಸ್ತಿದ್ದಳು. ನಾನು ಪ್ರತಿ ವರ್ಷ ಅದನ್ನು ಕಣ್ಣಿಗೆ ಒತ್ತಿ ಬಾಗಿಲಿಗೆ ಕಟ್ಟಿದ್ದೇನೆ.

ಹೋಟೆಲಿನಲ್ಲಿ ಎಲ್ಲದಕ್ಕೂ ಈ ವರ್ಷದ ತೆನೆ ಕಟ್ಟಿದೆ. ಕಂಬಕ್ಕೆ, ಗ್ರೈಂಡರಿಗೆ, ಕ್ಯಾಶ್ ಟೇಬಲಿಗೆ, ಅಶ್ವಿತ್‌ನ ಬೈಕಿಗೆ. ಮೂಲೆಯಲ್ಲಿ ಒಂದು ಹಳೆ ಮರದ ಕುರ್ಚಿ ಉಂಟು, ಅದಕ್ಕೆ ಮಾತ್ರ ಇಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ, ಯಾಕೆ ಅಂತ ಕೇಳಿದೆ. “ಅಪ್ಪನ ಕುರ್ಚಿ. ಕಟ್ಟಲಿಕ್ಕೆ ಕೈ ಬರುವುದಿಲ್ಲ” ಅಂದಳು.

ಬೀಜ ಕೊಟ್ಟಿದ್ದಾಳೆ. ಒಪ್ಪಿಗೆಯ ಸಹಿ ಕೂಡ ಹಾಕಿದ್ದಾಳೆ. ಪ್ರತಿಯಾಗಿ ಅವಳಿಗೆ ಬೇಕಾದದ್ದು ಒಂದೇ. “ನಿನ್ನ ಸೋದರಸೊಸೆಗೆ ಹೇಳು, ಇದು ಖಂಡಿತವಾ ಅಂತ ಬರೆದು ತಿಳಿಸಲಿ. ನನ್ನನ್ನು ಸಮಾಧಾನ ಮಾಡಲಿಕ್ಕೆ ಬರೆಯುವುದು ಬೇಡ.”

ನಿನ್ನ ಅತ್ತೆ,
ನೀರಜಾಕ್ಷಿ


ಹೈದರಾಬಾದ್
20-02-2025

ಮಾನ್ಯ ಕುಶಲಾ ಅವರಿಗೆ,

ನಮಸ್ಕಾರ. ತಡವಾಯಿತು, ಕ್ಷಮಿಸಿ. ನಿಮಗೆ ಬರೀ ಮಾತಲ್ಲಿ ಉತ್ತರ ಕೊಡಬಾರದು ಅಂತ ಕಾದೆ.

ಮೊದಲು ನನಗೆ ಗೊತ್ತಿಲ್ಲದ್ದನ್ನು ಹೇಳ್ತೇನೆ. ಆ ವರ್ಷದ ಗದ್ದೆಯನ್ನು ಓದುವ ಯಂತ್ರ ಯಾರ ಹತ್ತಿರವೂ ಇಲ್ಲ. ಆ ದಿನ ಅಲ್ಲಿ ನಿಂತು ನೋಡಿದವರು ಯಾರೂ ಉಳಿದಿಲ್ಲ. ಹಾಗಾಗಿ ‘ಖಂಡಿತ’ ಎಂಬ ಪದವನ್ನು ಆ ದಿನದ ಬಗ್ಗೆ ನಾನು ಬರೆಯಲಾರೆ.

ನನಗೆ ಗೊತ್ತಿರುವುದು ಇದು. ನೀವು ಕೊಟ್ಟ ಬೀಜ ಚೆನ್ನಾಗಿ ಮೊಳಕೆ ಬಂತು. ಒಂದು ಟ್ರೇಯಲ್ಲಿ ಅದನ್ನು ಬೆಳೆಸಿದೆ. ಪಕ್ಕದ ಟ್ರೇಯಲ್ಲಿ ಬೇಗ ರೋಗ ತಗಲುವ ಒಂದು ಗಿಡ್ಡ ತಳಿ. ಒಂದೇ ಮಣ್ಣು, ಒಂದೇ ನೀರು. ಎರಡರ ಮೇಲೂ ಬೂಷ್ಟಿನ ನೀರನ್ನು ಒಟ್ಟಿಗೆ ಚಿಮುಕಿಸಿ, ಮಳೆಗಾಲದ ಹಾಗೆ ತೇವ ಇರುವ ಕೋಣೆಯಲ್ಲಿ ಇಟ್ಟೆ. ವಾರ ಕಳೆದು ಬಾಗಿಲು ತೆಗೆದಾಗ ಗಿಡ್ಡ ತಳಿಯ ಎಲೆ ಪೂರಾ ಕರಟಿ ಬಿದ್ದಿತ್ತು. ಯಾರೋ ಬೆಂಕಿ ಇಟ್ಟಿದ್ದಾರೆ ಅಂತ ನಾನೇ ಹೇಳ್ತಿದ್ದೆ. ನಿಮ್ಮ ಅಪ್ಪನ ಭತ್ತ ಹಸಿರಾಗಿ ನಿಂತಿತ್ತು. ಹತ್ತಿರದಿಂದ ನೋಡಿದರೆ ಎಲೆಯ ಮೇಲೆ ಸೂಜಿ ಮೊನೆಯಷ್ಟು ಕಂದು ಚುಕ್ಕಿಗಳು. ರೋಗ ಕಾಲಿಟ್ಟ ಅಷ್ಟೇ ಜಾಗವನ್ನು ಗಿಡ ತಾನೇ ಸಾಯಿಸಿ, ಮುಂದೆ ಹೋಗದ ಹಾಗೆ ತಡೀತದೆ. ನಂಬಿಕೆ ಬರದೆ ಮತ್ತೊಮ್ಮೆ ಮಾಡಿದೆ. ಅದೇ ಆಯಿತು. ಹನ್ನೊಂದನೇ ಸಂಪುಟದ ಆ ಜೀನೇ ಇದಕ್ಕೆ ಕಾರಣವಾ ಅಂತ ಹೇಳಲಿಕ್ಕೆ ಇನ್ನೂ ಕೆಲಸ ಉಂಟು. ಫೋಟೋ ಇಟ್ಟಿದ್ದೇನೆ.

ನೀರು ನಿಂತ ಗದ್ದೆ ಉರಿಯುವುದಿಲ್ಲ. ಈ ರೋಗ ಬಂದರೆ ಒಂದು ಗದ್ದೆ ಸುಟ್ಟ ಹಾಗೆ ಆಗಿ ಪಕ್ಕದ್ದು ಹಸಿರಾಗಿ ಉಳಿಯಬಹುದು. ಅಜ್ಜ ಹೇಳಿದ ಪದ ರೋಗದ ಹೆಸರು. ಇಷ್ಟರ ಮೇಲೆ ನನ್ನನ್ನು ಕೇಳಿದರೆ, ನಿಮ್ಮ ಅಪ್ಪ ಬೆಂಕಿ ಇಡಲಿಲ್ಲ. ಇದನ್ನು ನಾನು ಸಮಾಧಾನಕ್ಕೆ ಬರೆದದ್ದಲ್ಲ.

ಈ ತಳಿಯನ್ನು ದಾಖಲಿಸುವಾಗ ಹೆಸರು ಬೇಕು. ಹೆಸರಿಡುವ ಹಕ್ಕು ನಿಮ್ಮದು.

ಗೌರವದಿಂದ,
ಸ್ಮೃತಿ


ಬಲ್ಮಠ, ಮಂಗಳೂರು
08-03-2025

ಪ್ರೀತಿಯ ಸ್ಮೃತಿಗೆ,

ನನ್ನ ಕನ್ನಡ ಅಷ್ಟಕ್ಕಷ್ಟೆ. ನಿನ್ನ ಅತ್ತೆ ಬದಿಯಲ್ಲಿ ಕೂತು ತಿದ್ದುತ್ತೇನೆ ಅಂತ ಕೆಂಪು ಪೆನ್ನು ತಂದಿದ್ದಾಳೆ, ನಾನು ಕಾಗದಕ್ಕೆ ಕೈ ಅಡ್ಡ ಹಿಡಿದು ಬರೀತಾ ಇದ್ದೇನೆ. ಆರನೇ ಕ್ಲಾಸಿನಲ್ಲೂ ಹೀಗೇ ಬರೀತಿದ್ದದ್ದು.

ಕಾಗದ ಓದಿದೆ. ಫೋಟೋ ನೋಡಿದೆ. ಅಶ್ವಿತ್ ಅದನ್ನು ದೊಡ್ಡದು ಮಾಡಿಸಿ ಕ್ಯಾಶಿನ ಹಿಂದೆ ಹಾಕಿದ್ದಾನೆ. ಗಿರಾಕಿಗಳು ಇದೆಂತದ್ದು ಅಂತ ಕೇಳ್ತಾರೆ, ಅವನು ಸುರುಮಾಡಿದರೆ ಅವರ ಚಾ ತಣ್ಣಗಾಗ್ತದೆ.

ನೀನು ‘ಖಂಡಿತ’ ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಬರೆದಿದ್ದರೆ ನನಗೆ ನಂಬಿಕೆ ಬರ್ತಿರಲಿಲ್ಲ. ಅಪ್ಪ ನನಗೆ ಪ್ರತಿ ದಿನ ತನ್ನ ಬಟ್ಟಲಿನಿಂದ ಮೀನಿನ ಒಳ್ಳೆ ತುಂಡು ತೆಗೆದು ಹಾಕ್ತಿದ್ದರು. ನಾನು ತಲೆ ಎತ್ತದೆ ತಿಂದು ಏಳ್ತಿದ್ದೆ. “ಈ ಹುಡುಗಿ ಯಾಕೆ ನನ್ನ ಹತ್ತಿರ ಮಾತಾಡುವುದಿಲ್ಲ?” ಅಂತ ಅಮ್ಮನನ್ನು ಕೇಳಿದ್ದು ಒಳಗಿನಿಂದ ಕೇಳಿದ್ದೇನೆ. ಅವರನ್ನೇ ಒಂದು ಮಾತು ಕೇಳಬಹುದಿತ್ತು.

ಹೆಸರು ಕೇಳಿದ್ದೀ. ಭತ್ತಕ್ಕೆ ನಾವು ‘ಬಾರ್’ ಅಂತ ಹೇಳುವುದು. ಶೀನಪ್ಪನ ಬಾರ್ ಅಂತ ಬರೆ. ಕುಡಿಯುವ ಬಾರ್ ಅಂತ ಜನ ತಿಳೀತಾರೆ ಅಂತ ನಿನ್ನ ಅತ್ತೆಯ ತಕರಾರು. ತಿಳಿದರೆ ತಿಳಿಯಲಿ, ಕೇಳಿದರೆ ಅರ್ಥ ಹೇಳು. ಕೇಳದೆ ತಿಳಿದುಕೊಳ್ಳುವ ಕೆಲಸ ನಾವಿಬ್ಬರು ಮಾಡಿದ್ದು ಸಾಕು.

ನವರಾತ್ರಿ ಬರುವವರೆಗೆ ನಾನು ಕಾಯಲಿಲ್ಲ. ನಿನ್ನೆ ಬೆಳಿಗ್ಗೆ ಹೋಟೆಲು ತೆರೆಯುವ ಮೊದಲು, ಬೀಜಕ್ಕೆ ಅಂತ ಎತ್ತಿಟ್ಟ ತೆನೆಯಿಂದ ಒಂದು ತೆಗೆದು ಅಪ್ಪನ ಕುರ್ಚಿಗೆ ಕಟ್ಟಿದೆ. ನೀರಜಾ ನಾರು ಹಿಡಿದಳು. ಗಂಟು ಸರಿಯಾಗಲಿಲ್ಲ ಅಂತ ಎರಡು ಸಲ ಬಿಚ್ಚಿಸಿದಳು. ಆಮೇಲೆ ನನ್ನನ್ನು ಕೇಳದೆ ಅದರಲ್ಲೇ ಕೂತು ಚಾ ಕುಡಿದಳು, ಸಕ್ಕರೆ ಕಡಿಮೆ ಅಂತ ಹೇಳಿದಳು.

ಕಟ್ಟುವಾಗ ನಾನು ಅಪ್ಪನ ಹತ್ತಿರ ತುಳುವಿನಲ್ಲಿ ಒಂದು ಮಾತು ಹೇಳಿದೆ. ಎಂತ ಅಂತ ಕನ್ನಡದಲ್ಲಿ ಬರೆಯುವುದಿಲ್ಲ. ಒಂದು ಪದ ಭಾಷೆ ಬದಲಿಸಿದರೆ ಎಂತ ಆಗ್ತದೆ ಅಂತ ನೋಡಿ ಆಗಿದೆಯಲ್ಲ.

ಇತಿ,
ಶೀನಪ್ಪನವರ ಮಗಳು
ಕುಶಲಾ